ಹೂಂ ಎನ್ನುವವರಿದ್ದ ಚಳಿಗಾಲ

ಸೇಡಂ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ದೊಡ್ಡ ಪಾತ್ರೆಯಲ್ಲಿ ಹಸಿ ತೊಗರಿಕಾಯಿ ಕುದಿಸಿ ಮಾರುತ್ತಿದ್ದಳು. ಮುಚ್ಚಳ ತೆಗೆದಾಗ ಉಪ್ಪುನೀರಿನ ಹಬೆಯ ಜೊತೆ ಆ ಹಸಿರು ವಾಸನೆ ಮುಖಕ್ಕೆ ಬಂತು. ನನ್ನನ್ನು ಕರೆದೊಯ್ಯಲು ಬಂದಿದ್ದ ಕಾಲೇಜಿನ ಯುವ ಉಪನ್ಯಾಸಕರು "ಮೇಡಂ, ಹುಡುಗರು ಕುಂತಾರ್ರಿ, ತಡ ಆಗ್ತದ" ಎನ್ನುತ್ತಲೇ ಇದ್ದರು. ಕೇಳುವವರು ಯಾರು? ಒಂದು ಪೊಟ್ಟಣ ಕಟ್ಟಿಸಿಕೊಂಡು, ಕಾರಿನಲ್ಲಿ ಕುಳಿತು ಸುಲಿದು ತಿನ್ನತೊಡಗಿದೆ. ಅವರಿಗೂ ಕೊಟ್ಟೆ. ಅವರು ನಾಚಿಕೊಂಡು ಎರಡು ಕಾಯಿ ತೆಗೆದುಕೊಂಡರು.

ನನ್ನನ್ನು ಕರೆಸಿದ್ದು ಕಥೆ ಬರೆಯುವ ಹುಡುಗ ಹುಡುಗಿಯರಿಗೆ ವಾಕ್ಯ ತಿದ್ದುವ ಬಗೆ ಹೇಳಿಕೊಡಲು. ಹೆಮ್ಮೆಯ ವಿಷಯವೇ. ಹೆಮ್ಮೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವ ಅಭ್ಯಾಸ ನನಗಿಲ್ಲ, ಅದನ್ನು ಅವ್ವ ನನಗೆ ಕಲಿಸಲೂ ಇಲ್ಲ. ಆದರೆ ವೇದಿಕೆ ಹತ್ತಿ ಏನು ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿದ್ದರೂ ಒಂದು ಮಾತೂ ಹೊಳೆದಿರಲಿಲ್ಲ. ಆ ಕಾಯಿಯ ವಾಸನೆ ಬಂದ ಮೇಲೆ ಎಲ್ಲ ನೆನಪಾಯಿತು. ನಾನು ವಾಕ್ಯ ಬರೆಯಲು ಕಲಿತದ್ದು ಇದೇ ಊರಿನಲ್ಲಿ, ಇದೇ ಕಾಯಿ ಬರುವ ಕಾಲದಲ್ಲಿ.

ಆಗ ನಾನು ಸೇಡಂನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ದಾಲ್‌ಮಿಲ್ಲಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಜೊತೆಗೆ ಅದೇ ಶಾಲೆಯ ಗಣಿತದ ಶಿಕ್ಷಕಿ ಮಹಾನಂದಾ ಇದ್ದಳು. ಚಿಂಚೋಳಿ ತಾಲ್ಲೂಕಿನವಳು, ಒಕ್ಕಲುತನದ ಮನೆಯಿಂದ ಬಂದವಳು, ಮಾತಿನಲ್ಲಿ ಎಣ್ಣೆ ಬೆಣ್ಣೆ ಹಚ್ಚುವವಳಲ್ಲ. ಮಿಲ್ಲಿನ ಬೇಳೆಯ ಧೂಳು ನಮ್ಮ ಕಿಟಕಿಯ ಸರಳಿಗೆ ಹಳದಿಯಾಗಿ ಅಂಟಿಕೊಂಡಿರುತ್ತಿತ್ತು. ನಾನು ಒರೆಸುತ್ತಿದ್ದೆ, ಅವಳು "ನಾಳಿ ಮತ್ತ ಬರ್ತದ, ಬಿಡು" ಎನ್ನುತ್ತಿದ್ದಳು.

ನನ್ನ ಊರು ವಾಡಿ. ಅಲ್ಲಿ ಅವ್ವ, ತಮ್ಮ ಇದ್ದರು. ಶನಿವಾರ ಶಾಲೆ ಮುಗಿದ ಮೇಲೆ ಪ್ಯಾಸೆಂಜರ್ ಹಿಡಿದು ಊರಿಗೆ ಹೋಗುತ್ತಿದ್ದೆ. ಚಿತ್ತಾಪುರ ದಾಟಿದ ಮೇಲೆ ಬಾಗಿಲಿಗೆ ಬಂದು ನಿಲ್ಲುವುದು ನನ್ನ ರೂಢಿ. ಆ ದಾರಿಯಲ್ಲಿ ಒಂದು ರೈಲ್ವೆ ಗೇಟು ಇತ್ತು. ನನ್ನ ಅವ್ವ ನಾಗಮ್ಮ ನಿವೃತ್ತಿಯಾಗುವವರೆಗೆ ಆ ಗೇಟು ಕಾಯ್ದಳು. ಅಪ್ಪ ಅದೇ ಹಳಿಯ ಮೇಲೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ. ನಾನು ಚಿಕ್ಕವಳಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅವನ ನೌಕರಿ ಅವ್ವನಿಗೆ ಸಿಕ್ಕಿತು. ಆ ಕಾಲಕ್ಕೆ ನಮ್ಮ ಕಡೆ ಹೆಣ್ಣುಮಗಳು ಗೇಟು ಹಾಕುವುದನ್ನು ಯಾರೂ ಕಂಡಿರಲಿಲ್ಲ. ಮೊದಲ ದಿನ ಶಹಾಬಾದ್ ಕಲ್ಲಿನ ಲಾರಿಯವರು, ಬಂಡಿಯವರು, ಸುತ್ತಲ ಹಳ್ಳಿಯವರು ನೋಡಿ ನಗಲಿಕ್ಕೆಂದೇ ಬಂದು ನಿಂತಿದ್ದರಂತೆ.

ಆ ಮೊದಲ ದಿನವನ್ನು ಕಥೆ ಮಾಡಬೇಕೆಂಬುದು ನನ್ನ ಬಹಳ ವರ್ಷದ ಆಸೆ. ಬೇರೆ ಕಥೆಗಳು ಆದರೂ ಸರಿ, ಹೋದರೂ ಸರಿ, ಇದೊಂದು ಮಾತ್ರ ಆಗಲೇಬೇಕಿತ್ತು. ಆ ವರ್ಷ ದಸರಾ ರಜೆಗೆ ಮೊದಲು ಬರೆದು ಮುಗಿಸಿದೆ. ನಮ್ಮ ಭಾಗದ ಹೊಸ ಕಥೆಗಾರರ ಸಂಕಲನವೊಂದಕ್ಕೆ ಕಳಿಸಿದೆ. ರಜೆಗೆ ಊರಿಗೆ ಹೋದಾಗ ಅವ್ವನನ್ನು ಕೂರಿಸಿಕೊಂಡು ಓದಿದೆ. ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೆ ಕಥೆ ಎಂದರೆ ಅಕ್ಕಿ ಆರಿಸುವ ಮೊರವನ್ನೂ ಪಕ್ಕಕ್ಕಿಟ್ಟು ಕೂರುತ್ತಾಳೆ.

ನಮ್ಮಲ್ಲಿ ಕಥೆ ಹೇಳುವವರಿಗೆ ಎದುರಿಗೆ ಹೂಂ ಅನ್ನುವವರು ಬೇಕೇ ಬೇಕು. ಚಿಕ್ಕಂದಿನಲ್ಲಿ ಗೇಟಿನ ಪಕ್ಕದ ಗುಮಟಿಯ ಪುಟ್ಟ ಕೋಣೆಯಲ್ಲಿ ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗೆ ಅವ್ವ ನನಗೆ ಕಥೆ ಹೇಳುತ್ತಿದ್ದಳು. ಹೂಂ ಅನ್ನುವುದು ನನ್ನ ಕೆಲಸ. ಮರೆತರೆ ಕಥೆ ನಿಲ್ಲುತ್ತಿತ್ತು. "ಹೂಂ ಅನ್ನು. ಇಲ್ಲಂದ್ರ ರಾಜನ ಮಗ ಅಲ್ಲೇ ಬಾವ್ಯಾಗ ಕುಂದ್ರತಾನ" ಎನ್ನುತ್ತಿದ್ದಳು. ರಾಜನ ಮಗನನ್ನು ಬಾವಿಯಿಂದ ಎತ್ತಲು ನಾನು ಗಂಟಲು ನೋಯುವಷ್ಟು ಹೂಂ ಅಂದಿದ್ದೇನೆ.

ಈಗ ನಾನು ಓದಿದೆ, ಅವ್ವ ಪ್ರತಿ ವಾಕ್ಯಕ್ಕೂ ಹೂಂ ಎಂದಳು. ಒಂದನ್ನೂ ಬಿಡಲಿಲ್ಲ. ನನಗೆ ಒಳಗೊಳಗೇ ಖುಷಿ. ಮುಗಿದ ಮೇಲೆ ಅವ್ವ ನನ್ನ ತಲೆ ಸವರಿ ಹೇಳಿದಳು:

"ಭಾಳ ಚಂದ ಬರ್ದಿ ಯವ್ವಾ. ಯಾರ ಕಥಿ ಇದು?"

ನಾನು ಹಾಳೆ ಮಡಚಿದೆ. "ಒಬ್ಬಾಕಿದು" ಎಂದೆ.

"ಪಾಪ, ಭಾಳ ನೊಂದಾಳ ಆಕಿ" ಎಂದು ಮೊರ ಎಳೆದುಕೊಂಡಳು.

ಅದೇ ವಾರ ಸಂಕಲನದ ಸಂಪಾದಕರು ಕಲಬುರಗಿಯಿಂದ ಫೋನ್ ಮಾಡಿದರು. ಒಳ್ಳೆಯವರು, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ. "ಅಕ್ಕೋರೆ, ನಿಮ್ಮ ಹತ್ರ ಕಥಿ ಅದ, ವಾಕ್ಯ ಇಲ್ಲ. ಸಂಕ್ರಮಣದ ಒಳಗ ತಿದ್ದಿ ಕಳಸ್ರಿ, ನೋಡ್ತೀನಿ" ಎಂದರು. ಸಂಪಾದಕರ ಮಾತು ನುಂಗಿಕೊಳ್ಳಬಹುದಿತ್ತು. ಅವ್ವನ ಪ್ರಶ್ನೆ ನುಂಗಲು ಆಗಲಿಲ್ಲ. ಅವಳ ಜೀವನದ ಅತಿ ದೊಡ್ಡ ದಿನವನ್ನು ನಾನು ಬರೆದಿದ್ದೆ, ಆ ದಿನ ಅವಳಿಗೇ ಗುರುತು ಸಿಕ್ಕಿರಲಿಲ್ಲ. ಅಚ್ಚಾಗುವುದು ಬಿಡುವುದು ಆಮೇಲಿನ ಮಾತು. ಅವ್ವ ಕೇಳಿ, ಇದು ನಾನು ಅನ್ನಬೇಕು. ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ.

ಸೇಡಂಗೆ ಮರಳಿ ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಓದಿ ನೋಡಿದೆ. ಎಲ್ಲರೂ ಹೂಂ ಎಂದರು, "ಭಾಳ ಚಂದ ಅದ ರೀ ಅಕ್ಕೋರೆ" ಎಂದರು, ಚಹಾ ಕುಡಿದು ಎದ್ದು ಹೋದರು. ನಮ್ಮ ಕಡೆಯ ಮರ್ಯಾದೆಯೇ ಹಾಗೆ. ಮನೆಗೆ ಬಂದವರು ಬಡಿಸಿದ್ದನ್ನು ಸಪ್ಪೆ ಎನ್ನುವುದಿಲ್ಲ, ಓದಿದವರ ಎದುರು ತಿಳಿಯಲಿಲ್ಲ ಎನ್ನುವುದಿಲ್ಲ. ಅವ್ವನ ಹೂಂ ಕೂಡ ಅದೇ ಜಾತಿಯದು ಎಂದು ಆಗ ಹೊಳೆಯಿತು. ಮಗಳು ಓದುತ್ತಿದ್ದಾಳೆ ಎಂಬುದಕ್ಕೆ ಹೂಂ, ಕಥೆಗಲ್ಲ.

ಸಂಜೆ ಮಹಾನಂದಾ ಆ ವರ್ಷದ ಮೊದಲ ಹಸಿ ತೊಗರಿಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತ ಕುಳಿತಿದ್ದಳು. ನಾನು ಅವಳ ಎದುರು ಕುಳಿತು ದುಃಖ ತೋಡಿಕೊಂಡೆ. ಅವಳು ಕಾಯಿಯಿಂದ ಕಣ್ಣು ತೆಗೆಯಲಿಲ್ಲ.

"ಓದು. ನಾ ಹೂಂ ಅಂತೀನಿ. ಆದ್ರ ತಿಳೀಲಿಲ್ಲಂದ್ರ ಅನ್ನಂಗಿಲ್ಲ. ನಡೀತದೇನ?"

"ನಡೀತದ" ಎಂದು ಮೊದಲ ವಾಕ್ಯ ಓದಿದೆ. ಅದು ಈಗಲೂ ನನಗೆ ಬಾಯಿಪಾಠ: "ವಿಧಿಯ ಕ್ರೂರ ಅಟ್ಟಹಾಸಕ್ಕೆ ಬಲಿಯಾಗಿ ತನ್ನ ಬಾಳಸಂಗಾತಿಯನ್ನು ಕಳೆದುಕೊಂಡು ಅಸಹಾಯಕತೆಯ ಕಡಲಿನಲ್ಲಿ ಮುಳುಗಿದ್ದ ಆ ಅಬಲೆಯ ಹೃದಯಾಕಾಶದಲ್ಲಿ ದುಃಖದ ಕಾರ್ಮೋಡಗಳು ಕವಿದಿದ್ದವು."

ಮಹಾನಂದಾ ಸುಮ್ಮನೆ ಕಾಯಿ ಸುಲಿಯುತ್ತಿದ್ದಳು.

"ಅನ್ನು" ಎಂದೆ.

"ಏನಂತ ಅನ್ಲಿ? ವಿಧಿ ಬಂತು, ಕಡಲ ಬಂತು, ಕಾರ್ಮೋಡ ಬಂತು. ಮನುಷ್ಯಾರು ಇನ್ನಾ ಬಂದಿಲ್ಲ. ಬಂದ ಮ್ಯಾಲ ಅಂತೀನಿ."

ನನಗೆ ಸಿಟ್ಟು ಬಂತು. ಲೆಕ್ಕ ಮಾಡುವವಳಿಗೆ ಸಾಹಿತ್ಯ ಏನು ಗೊತ್ತು ಎಂದೆ. ಆ ವಾಕ್ಯಕ್ಕೆ ನಾನು ಎರಡು ದಿನ ಕಷ್ಟಪಟ್ಟಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅವಳು ಎದ್ದು ಒಗ್ಗರಣೆ ಹಾಕಿದಳು. ಉಂಡೆವು. ಕೈ ತೊಳೆದ ಮೇಲೆ ಅವಳೇ ಕೇಳಿದಳು: "ನಿಮ್ಮಪ್ಪ ಹೋದ ಮ್ಯಾಲ ಮನ್ಯಾಗ ಏನ ಉಳಿದಿತ್ತು?"

"ಅಪ್ಪನ ಬೂಟು" ಎಂದೆ. "ಡ್ಯೂಟಿ ಬೂಟು. ಅವ್ವಗ ದೊಡ್ಡಾಗ್ತಿದ್ವು. ಒಳಗ ಹರಕ ಅರಿವಿ ತುರುಕಿ ಹಾಕ್ಕೊಂಡಿದ್ಳು."

"ಹೂಂ" ಎಂದಳು ಮಹಾನಂದಾ. ಇಡೀ ಸಂಜೆಯಲ್ಲಿ ಅದು ಅವಳ ಮೊದಲ ಹೂಂ. ಸಂಪಾದಕರಿಗೆ ಕಳಿಸಿದ ಕಥೆಯಲ್ಲಿ ಆ ಬೂಟು ಎಲ್ಲೂ ಇರಲಿಲ್ಲ.

ಮರುದಿನ ಬೂಟಿನಿಂದಲೇ ಶುರು ಮಾಡಿದೆ. ವಿಧಿಯನ್ನೂ ಕಾರ್ಮೋಡವನ್ನೂ ಓಡಿಸಿದ ಉತ್ಸಾಹದಲ್ಲಿ ನಾನು ಇನ್ನೊಂದು ತುದಿಗೆ ಹೋಗಿ ಬಿದ್ದೆ. "ಗಂಡ ಸತ್ತ. ಬೂಟು ಉಳಿಯಿತು. ಹಾಕಿದಳು. ನಡೆದಳು. ಗೇಟು ಬಂತು." ಒಂದು ಪುಟವೆಲ್ಲ ಹೀಗೆಯೇ. ಓದುತ್ತಿದ್ದಂತೆ ಮಹಾನಂದಾ ಹೂಂ, ಹೂಂ, ಹೂಂ ಎಂದು ಏದುಸಿರು ಬಿಟ್ಟಳು.

"ಏ ಸುಜಾತಾ, ಪೋಸ್ಟಿನ ತಾರು ಓದಾಕತ್ತೀಯೋ ಕಥಿ ಓದಾಕತ್ತೀಯೋ? ಜರಾ ಉಸಿರು ತಗೊಳ್ಳಾಕರ ಬಿಡು ನನಗ."

ನಕ್ಕುಬಿಟ್ಟೆ. ಸಿಟ್ಟು ಮಾಡಿಕೊಳ್ಳುವ ಘಟ್ಟ ದಾಟಿತ್ತು.

ಹೀಗೆ ದೀಪಾವಳಿ ಹೋಯಿತು, ಚಳಿ ಬಂತು. ಊರ ಸುತ್ತ ಹೊಲಗಳಲ್ಲೆಲ್ಲ ತೊಗರಿಕಾಯಿ ತುಂಬಿತು. ಬೆಳಿಗ್ಗೆ ಶಾಲೆಗೆ ಹೋಗುವಾಗ ಹೊಲಗಳ ಮೇಲೆ ಮಂಜು ಕೂತಿರುತ್ತಿತ್ತು, ಹುಡುಗಿಯರು ಕೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು ಪ್ರಾರ್ಥನೆಗೆ ನಿಲ್ಲುತ್ತಿದ್ದರು. ಸಂಜೆಯಾದರೆ ನಮ್ಮ ಮನೆಯಲ್ಲಿ ಒಂದೇ ಕೆಲಸ. ಅವಳ ಮಡಿಲಲ್ಲಿ ಕಾಯಿ, ನನ್ನ ಕೈಯಲ್ಲಿ ಹಾಳೆ ಮತ್ತು ಪೆನ್ಸಿಲ್. ಹೂಂ ಬಂದಲ್ಲಿ ಮುಂದೆ ಹೋಗುವುದು. ಬಾರದಲ್ಲಿ ಗೆರೆ ಎಳೆದು ನಿಲ್ಲುವುದು. ತಡವಾಗಿ ಬಂದ ಹೂಂ ಕೂಡ ನನಗೆ ಗೊತ್ತಾಗತೊಡಗಿತು. ಅದರ ಅರ್ಥ, ಅವಳು ವಾಕ್ಯದ ಹಿಂದಿನ ತುದಿಗೆ ಹೋಗಿ ಯಾರು ಯಾರಿಗೆ ಏನು ಮಾಡಿದರು ಎಂದು ಹುಡುಕಿ ಬಂದಿದ್ದಾಳೆ.

ಒಮ್ಮೆ ಒಂದು ಉದ್ದನೆಯ ವಾಕ್ಯದ ನಡುವೆ ಕೈ ಎತ್ತಿ ತಡೆದಳು. "ನಿನ್ನ ವಾಕ್ಯ ಮಾಲಗಾಡಿ ಹೋದಂಗ ಹೋಗ್ಲಿಕತ್ತದ. ಡಬ್ಬಿ ಮ್ಯಾಲ ಡಬ್ಬಿ. ಕಡೀ ಡಬ್ಬಿ ಬರೋತನಕ ನಾ ಗೇಟಿನ್ಯಾಗ ಎಷ್ಟೊತ್ತು ನಿಂದರಲಿ?" ಗೇಟಿನವಳ ಮಗಳಿಗೆ ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿ ಹೇಳಬೇಕು? ನಮ್ಮ ಭಾಷೆಯಲ್ಲಿ ಆದದ್ದೇನು ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಕೇಳುವವರು ಎಲ್ಲವನ್ನೂ ಹೊತ್ತು ನಿಂತಿರಬೇಕು. ಹೊರಿಸಬಹುದು, ಆದರೆ ಹೊತ್ತಷ್ಟು ದೂರಕ್ಕೂ ಏನಾದರೂ ಕಾಣುತ್ತಿರಬೇಕು.

ಮಾತುಗಳದು ಇನ್ನೊಂದು ಕಥೆ. ನನ್ನ ಮೊದಲ ಕಥೆಯಲ್ಲಿ ಅವ್ವ ಮಗಳಿಗೆ "ಮಗಳೇ, ನಾನೆಂದೂ ಧೈರ್ಯಗುಂದಲಾರೆ" ಎನ್ನುತ್ತಿದ್ದಳು. ಇದನ್ನು ಓದಿದ ದಿನ ಮಹಾನಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮವ್ವ ಹಿಂಗ ಮಾತಾಡ್ತಾಳ? ಮುಂದಿನ ವಾರ ಹೋದಾಗ ಒಮ್ಮಿ ಅನಿಸಿಬಿಡು, ಕೇಳೂನು." ಅವ್ವ ನಿಜಕ್ಕೂ ಅಂದದ್ದು ನನಗೆ ನೆನಪಿತ್ತು. ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ತಿರುಗಿ, "ಅಂಜಬ್ಯಾಡ. ಸಂಜೀಕ ಬರ್ತೀನಿ" ಎಂದಿದ್ದಳು. ಕಥೆಯಲ್ಲಿ ಅದನ್ನೇ ಇಟ್ಟೆ.

ಆಮೇಲೆ ಒಂದು ಸಂಜೆ ಬಂತು. ಗೇಟು ಇಳಿಸುವ ಜಾಗವನ್ನು ನಾನು ಹತ್ತಾರು ಸಲ ಬರೆದು ಹರಿದಿದ್ದೆ. ಅವತ್ತು ಬರೆದದ್ದನ್ನು ಓದಿದೆ: "ಅವಳು ಗೇಟು ಇಳಿಸಿದಳು. ಆ ಕಡೆ ಕಲ್ಲಿನ ಲಾರಿ ನಿಂತಿತು, ಈ ಕಡೆ ಮೇವಿನ ಬಂಡಿ ನಿಂತಿತು, ನಗುತ್ತಿದ್ದವರೂ ನಿಂತರು."

ಮಹಾನಂದಾ ಹೂಂ ಅನ್ನಲಿಲ್ಲ. ನಾನು ತಲೆ ಎತ್ತಿದೆ. ಅವಳ ಕೈಯಲ್ಲಿ ಅರ್ಧ ಸುಲಿದ ಕಾಯಿ ಹಾಗೇ ಇತ್ತು.

"ಮುಂದ?" ಎಂದಳು.

ಆ ಒಂದು ಮಾತು ಕೇಳಿ ನನಗೆ ಎದ್ದು ಮನೆ ತುಂಬ ಓಡಾಡಬೇಕೆನಿಸಿತು. ನಿಜವಾಗಿ ಓಡಾಡಿದೆ ಕೂಡ. ಆ ವಾಕ್ಯ ನನ್ನದು. ಇವತ್ತಿಗೂ ಅದನ್ನು ನೆನೆದರೆ ನನಗೆ ಎದೆ ಉಬ್ಬುತ್ತದೆ. ಅದರಲ್ಲಿ ದೊಡ್ಡ ಪದ ಒಂದೂ ಇಲ್ಲ, ಅವ್ವನನ್ನು ಹೊಗಳುವ ಪದವೂ ಇಲ್ಲ.

ಎಳ್ಳಮಾಸಿಗೆ ಮಹಾನಂದಾ ತಮ್ಮ ಹೊಲಕ್ಕೆ ಕರೆದಳು. ಎಳ್ಳ ಅಮವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಎಡೆಯ ಅನ್ನವನ್ನು ಚರಗವೆಂದು ಚೆಲ್ಲಿ, ಬಂದವರಿಗೆಲ್ಲ ಬಡಿಸಿ ಉಣ್ಣುವುದು. "ನಿಮ್ಮವ್ವನ್ನೂ ಕರಕೊಂಡು ಬಾ. ಕಥಿನೂ ತಗೊಂಡು ಬಾ" ಎಂದಳು. ಸಂಕ್ರಮಣ ಹತ್ತಿರ ಬಂದಿತ್ತು. ಕಳಿಸುವ ಮೊದಲು ಅವ್ವನಿಗೆ ಓದಲೇಬೇಕಿತ್ತು, ಆದರೆ ಹೆದರಿಕೆಯಿಂದ ಮೂರ್ನಾಲ್ಕು ಶನಿವಾರ ಸುಮ್ಮನೆ ವಾಪಸು ಬಂದಿದ್ದೆ. ಅವ್ವ ಮತ್ತೊಮ್ಮೆ "ಯಾರ ಕಥಿ" ಎಂದರೆ ನಾನು ಬರೆಯುವುದನ್ನೇ ಬಿಡುತ್ತಿದ್ದೆ. ಇದು ಉತ್ಪ್ರೇಕ್ಷೆಯಲ್ಲ.

ಅವರ ಹೊಲ ಚಂದ್ರಂಪಳ್ಳಿ ಕೆರೆಯ ಕಡೆಗೆ. ಒಂದು ಬದಿಗೆ ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು, ಇನ್ನೊಂದು ಬದಿಗೆ ಬಿಳಿಜೋಳ ಎದೆಮಟ್ಟ ಬೆಳೆದಿತ್ತು, ಆಚೆಗೆ ಕಾಡಿನ ಅಂಚು. ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಊಟಕ್ಕೆ ಕೂರುವಾಗ ಸಾಲಿನಿಂದ ತುಸು ದೂರ ಕುಳಿತಳು. ಅವಳ ಕಾಲದಲ್ಲಿ ನಮ್ಮ ಜಾತಿಯವರ ರೂಢಿ ಅದು, ಹೇಳಿದರೂ ಹೋಗುವುದಿಲ್ಲ. ಮಹಾನಂದಾಳ ತಾಯಿ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಬಂದು, "ಅಕ್ಕಾ, ಅಲ್ಲಿ ಕುಂತ್ರ ನಾ ಬಡಸಾಕ ಅಷ್ಟ ದೂರ ನಡೀಬೇಕು, ನನ್ನ ಮೊಣಕಾಲು ನೋಡ್ರಿ ಜರಾ" ಎಂದು ಅವಳ ತೋಳು ಹಿಡಿದು ಎಬ್ಬಿಸಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹಿಂಡಿ, ಅಂಬಲಿ. ಅವ್ವ ಸಂಕೋಚ ಬಿಟ್ಟು ಉಂಡಳು.

ಊಟವಾಗಿ ಎಲ್ಲರೂ ಬೇವಿನ ಮರದ ಕೆಳಗೆ ಉರುಳಿದ ಮೇಲೆ ಮಹಾನಂದಾ ನನ್ನನ್ನು ತಿವಿದಳು. ನಾನು ಹಾಳೆ ತೆಗೆದೆ. ಅವಳ ತಾಯಿ, ಕಾಕಾ, ಅಣ್ಣ, ಅತ್ತಿಗೆ ಎಲ್ಲರೂ ಎದ್ದು ಕುಳಿತರು. ಬೂಟಿನ ವಾಕ್ಯ ಓದಿದೆ. ಹೂಂ ಎಂದು ಮರದ ಕೆಳಗೆಲ್ಲ ಒಟ್ಟಿಗೆ ಎದ್ದಿತು. ಹೊಸ್ತಿಲ ಮಾತು ಓದಿದೆ, ಹೂಂ. ಆದರೆ ಅವ್ವ ಮಾತ್ರ ಅನ್ನುತ್ತಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ದಸರೆಯಲ್ಲಿ ಒಂದನ್ನೂ ಬಿಡದೆ ಹೂಂ ಅಂದವಳು ಈಗ ಒಂದಕ್ಕೂ ಅನ್ನಲಿಲ್ಲ. ನಾನು ಓದು ನಿಲ್ಲಿಸಿದೆ. ಮಹಾನಂದಾ ಕಣ್ಣಲ್ಲೇ "ಓದು" ಎಂದಳು.

ಗೇಟು ಇಳಿಯಿತು, ಲಾರಿ ನಿಂತಿತು, ನಗುತ್ತಿದ್ದವರು ನಿಂತರು. ಗಾಡಿ ದೂರದಲ್ಲಿ ಕಾಣಿಸಿಕೊಂಡಿತು. ನಾನು ಮುಂದಿನ ವಾಕ್ಯ ಓದಿದೆ: "ಹಸಿರು ಬಾವುಟ ಎತ್ತಿ ಹಿಡಿಯುವಾಗ ಅವಳ ಕಣ್ಣು ತುಂಬಿ ಬಂದಿತ್ತು."

"ಇಲ್ಲ" ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದರು. ಅವ್ವ ನೆಲದಿಂದ ತಲೆ ಎತ್ತಿ ನೇರ ನನ್ನನ್ನು ನೋಡಿದಳು.

"ನಾ ಅತ್ತಿಲ್ಲ. ಸುಳ್ಳ ಬರ್ದಿ ನೀ. ಕಣ್ಣಾಗ ನೀರು ತುಂಬಿದ್ರ ಗಾಡಿ ಹ್ಯಾಂಗ ಕಾಣ್ತದ?"

ಮಹಾನಂದಾಳ ತಾಯಿ ಮೆಲ್ಲಗೆ ಕೇಳಿದರು, "ಹಂಗಾದ್ರ ಇದು ನಿಮ್ಮ ಕಥಿ ಏನ್ರಿ ಅಕ್ಕಾ?"

"ನಂದೇ. ಮತ್ತ್ಯಾರದು?" ಎಂದಳು ಅವ್ವ, ಇದೂ ಒಂದು ಕೇಳುವ ಮಾತೇ ಎಂಬಂತೆ.

ನನಗೆ ಅಳು ಬಂತು. ಅವ್ವ ಅತ್ತಿರಲಿಲ್ಲ, ನಾನು ಅತ್ತೆ. ಮಹಾನಂದಾ ನನ್ನ ಕೈಯಿಂದ ಹಾಳೆ ಜಾರದಂತೆ ಹಿಡಿದುಕೊಂಡು, "ಅಳೋದು ಆಮ್ಯಾಲ, ಮೊದ್ಲ ಗೆರಿ ಹೊಡಿ" ಎಂದು ಪೆನ್ಸಿಲ್ ಕೊಟ್ಟಳು. ಮೂಗು ಒರೆಸಿಕೊಂಡು ಆ ವಾಕ್ಯದ ಮೇಲೆ ಗೆರೆ ಎಳೆದೆ. ಕಣ್ಣು ತುಂಬಿ ಬಂದದ್ದು ನನ್ನ ಹಳೆಯ ಕಾರ್ಮೋಡದ ಉಳಿಕೆ. ಎಲ್ಲ ಓಡಿಸಿದರೂ ಒಂದು ಹನಿ ಒಳಗೆ ನುಸುಳಿತ್ತು, ಮಹಾನಂದಾ ಅದಕ್ಕೂ ಹೂಂ ಅಂದಿದ್ದಳು.

"ಮತ್ತ ಏನ ಮಾಡಿದಿ ಅವ್ವಾ?" ಎಂದೆ.

"ಏನ ಮಾಡೋದು? ಹಸರ ಬಾವುಟ ಹಿಡದೆ. ಹಿಂದಿನ ಡಬ್ಬಿಯಿಂದ ಗಾರ್ಡ್ ಸಾಹೇಬ್ರು ತಮ್ಮ ಬಾವುಟ ತೋರಿಸಿದ್ರು. ಗಾಡಿ ಹೋಯ್ತು. ಗೇಟ್ ತೆಗದೆ."

ಅಲ್ಲೇ ಮರದ ಕೆಳಗೆ ಅದನ್ನೇ ಬರೆದುಕೊಂಡೆ. "ಅವಳು ಹಸಿರು ಬಾವುಟ ಹಿಡಿದಳು. ಕೊನೆಯ ಡಬ್ಬಿಯಿಂದ ಗಾರ್ಡ್ ತನ್ನ ಬಾವುಟ ತೋರಿಸಿದ. ಗಾಡಿ ಹೋಯಿತು. ಅವಳು ಗೇಟು ತೆಗೆದಳು." ಓದಿ ತೋರಿಸಿದೆ. ಕಥೆ ಅಲ್ಲಿಗೇ ಮುಗಿಯಿತು. ಅದರ ಮುಂದೆ ನಾನು ಬರೆದಿದ್ದ ಎರಡು ಪ್ಯಾರಾ ಯಾರಿಗೂ ಬೇಕಾಗಲಿಲ್ಲ, ನನಗೂ.

ಸಂಕ್ರಮಣದ ಮುನ್ನಾದಿನ ಕಥೆ ಕಳಿಸಿದೆ. ಸಂಪಾದಕರು ಈ ಸಲ ಫೋನ್ ಮಾಡಲಿಲ್ಲ, "ವಾಕ್ಯ ಬಂದಾವ. ತಗೊಂಡೀವಿ" ಎಂದು ಸಂದೇಶ ಕಳಿಸಿದರು. ಅದನ್ನು ನಾನು ಮಹಾನಂದಾಗೆ ತೋರಿಸಿದೆ, ಮಿಲ್ಲಿನ ಹಮಾಲರಿಗೂ ಹೇಳಿದೆ, ಶಾಲೆಯ ಹುಡುಗಿಯರಿಗಂತೂ ಪಾಠ ಬಿಟ್ಟು ಹೇಳಿದೆ. ಆಮೇಲೆ ಇನ್ನೂ ಕಥೆಗಳು ಬಂದವು, ಪುಸ್ತಕಗಳೂ ಆದವು. ಮಹಾನಂದಾ ಈಗ ಶಹಾಬಾದಿನಲ್ಲಿ ಮುಖ್ಯ ಶಿಕ್ಷಕಿ. ನನ್ನ ಹೊಸ ಕಥೆಗಳಿಗೆ ಫೋನಿನಲ್ಲೇ ಹೂಂ ಅನ್ನುತ್ತಾಳೆ, ಅನ್ನದಿದ್ದಾಗ ಲೈನ್ ಕಟ್ಟಾಯಿತೇನೋ ಎಂದು ನಾನು ಕೇಳುವುದಿಲ್ಲ. ಅವ್ವನ ಗೇಟು ಈಗ ಇಲ್ಲ, ಅಲ್ಲಿ ರಸ್ತೆ ಹಳಿಯ ಕೆಳಗಿಂದ ಹೋಗುತ್ತದೆ.

ಮೊನ್ನೆ ಸೇಡಂನ ಕಾಲೇಜಿನಲ್ಲಿ ನಾನು ಭಾಷಣ ಮಾಡಲಿಲ್ಲ. ಇಬ್ಬಿಬ್ಬರನ್ನು ಎದುರಾಬದುರು ಕೂರಿಸಿ, ಒಬ್ಬರು ಓದಿ, ಇನ್ನೊಬ್ಬರು ಹೂಂ ಅನ್ನಿ, ಮರ್ಯಾದೆಗೆ ಮಾತ್ರ ಅನ್ನಬೇಡಿ ಎಂದೆ. ಸ್ವಲ್ಪ ಹೊತ್ತಿನಲ್ಲೇ ಹಾಲ್ ತುಂಬ ಜಗಳ ಶುರುವಾಯಿತು. ಉಪನ್ಯಾಸಕರು ಗಾಬರಿಯಾದರು. ನಾನು ಉಳಿದ ತೊಗರಿಕಾಯಿ ಸುಲಿಯುತ್ತ ಕುಳಿತೆ.

ಅಲ್ಲಿಂದ ವಾಡಿಗೆ ಹೋದೆ. ತಮ್ಮನ ಮನೆಯ ಕಟ್ಟೆಯ ಮೇಲೆ ಅವ್ವ ಕುಳಿತಿದ್ದಳು. ಪಕ್ಕದ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ರೈಲ್ವೆಯವರ ಹೆಂಡತಿಯ ಕೈಯಲ್ಲಿ ನಮ್ಮ ಸಂಕಲನ ಇತ್ತು. ಅಂಚು ಸವೆದು, ಎಣ್ಣೆಯ ಕಲೆ ಬಿದ್ದ ಪುಸ್ತಕ ಅದು. ಬೀದಿಗೆ ಬಂದ ಎಲ್ಲರಿಗೂ ಅವ್ವ ಅದನ್ನು ಓದಿಸಿದ್ದಾಳೆ. ಆ ಹೆಣ್ಣುಮಗಳು ಪುಟದಿಂದ ತಲೆ ಎತ್ತಿ, "ಇದು ನಿಮ್ಮ ಮಗಳು ಬರ್ದಿದ್ದೇನ್ರಿ ಅಮ್ಮಾ?" ಎಂದು ಕೇಳುತ್ತಿದ್ದಳು.

ಅವ್ವ ನನ್ನನ್ನು ಕಂಡಳು. ಕಂಡೂ ಕಾಣದವಳಂತೆ ಕಾಲು ಚಾಚಿಕೊಂಡು ಹೇಳಿದಳು:

"ಹೂಂ. ಬರ್ದಿದ್ದು ಆಕಿ. ತಿದ್ದಿದ್ದು ನಾ."